ಹವಳ ತಿನ್ನುವ ನಕ್ಷತ್ರಮೀನಿನ ದಂಡು ಯಾಕೆ ಏಳುತ್ತದೆ?

(ಮಂಗಳೂರಿನಲ್ಲಿ ವಿದ್ಯಾರ್ಥಿಗಳು, ಮೀನುಗಾರ ಕುಟುಂಬದವರು ಮತ್ತು ಡೈವಿಂಗ್ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ಹವಳದ ಮಾತು ಯಾಕೆ ಎಂದು ಕೆಲವರಿಗೆ ಅನಿಸಿರಬಹುದು. ನಮ್ಮ ದಡದ ನೀರು ಕಲಕು ನೀರು. ಮಳೆಗಾಲದಲ್ಲಿ ಅಳಿವೆ ಬಾಗಿಲಿಗೆ ಹೋಗಿ ನೋಡಿ. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕೆಂಪು ನೀರನ್ನು ಸಮುದ್ರಕ್ಕೆ ತಳ್ಳುತ್ತಿರುತ್ತವೆ. ಹವಳ ಅಂದರೆ ಗಟ್ಟಿ ಅಸ್ಥಿ ಕಟ್ಟಿಕೊಂಡು ಗುಂಪಾಗಿ ಬದುಕುವ ಪುಟ್ಟ ಪ್ರಾಣಿ. ಅದಕ್ಕೆ ಬೇಕಾದದ್ದು ತಿಳಿ ನೀರು, ತಳದವರೆಗೆ ಇಳಿಯುವ ಬಿಸಿಲು. ಹಾಗಾಗಿ ನಮ್ಮ ದಡದುದ್ದಕ್ಕೂ ದೊಡ್ಡ ಹವಳದ ದಿಬ್ಬಗಳು ಬೆಳೆದಿಲ್ಲ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಒಂದಿಷ್ಟು ಹವಳ ಇದೆ. ಡೈವಿಂಗ್ ಮಾಡುವವರು ನೋಡಿರುತ್ತೀರಿ.

ಆದರೆ ನಮ್ಮ ಹಳೆ ಬಂದರಿನಿಂದ ಮಂಜಿಗಳು, ಅಂದರೆ ಸರಕು ಸಾಗಿಸುವ ದೋಣಿಗಳು, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೋಗುವುದು ಎಲ್ಲಿಗೆ? ಲಕ್ಷದ್ವೀಪಕ್ಕೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ಆಗಿನ ಸೌತ್ ಕೆನರಾ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ಇವತ್ತಿಗೂ ಸಾಮಾನು ತರಲು ಮಂಗಳೂರಿಗೆ ಬರುತ್ತಾರೆ. ಆ ದ್ವೀಪಗಳ ನೆಲವೇ ಹವಳದಿಂದ ಆದದ್ದು. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೆ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯ ಲೆಕ್ಕದಲ್ಲಿ 64 ಸಾವಿರಕ್ಕೂ ಜಾಸ್ತಿ ಜನ ಅಲ್ಲಿದ್ದರು. ಮಳೆಗಾಲದ ಅಲೆಗಳನ್ನು ಹೊರಗಿನ ದಿಬ್ಬ ತಡೆಯುತ್ತದೆ, ಒಳಗೆ ಜನ ಬದುಕುತ್ತಾರೆ. ದಿಬ್ಬ ಸವೆದರೆ ಅವರಿಗೆ ಓಡಲು ಘಟ್ಟವಿಲ್ಲ, ಗುಡ್ಡವೂ ಇಲ್ಲ. ಆದ್ದರಿಂದ ಇದನ್ನು ನೆರೆಮನೆಯವರ ವಿಷಯ ಎಂದು ತಿಳಿದೇ ಮಾತಾಡುತ್ತೇನೆ.

ಹವಳವನ್ನು ತಿಂದು ಬದುಕುವ ಒಂದು ನಕ್ಷತ್ರಮೀನಿದೆ. ಮೈತುಂಬ ಮುಳ್ಳು ಇರುವುದರಿಂದ ಅದನ್ನು ಮುಳ್ಳುಕಿರೀಟದ ನಕ್ಷತ್ರಮೀನು ಎನ್ನುತ್ತಾರೆ. ವಿಜ್ಞಾನದ ಹೆಸರು ಅಕಾಂಥಾಸ್ಟರ್. ನಮ್ಮ ಟ್ರಾಲ್ ಬಲೆಗೆ ಬೀಳುವ, ಧಕ್ಕೆಯಲ್ಲಿ ಹೆಂಗಸರು ಮೀನು ವಿಂಗಡಿಸುವಾಗ ಪಕ್ಕಕ್ಕೆಸೆಯುವ ಐದು ಕೈಗಳ ಚಿಕ್ಕ ನಕ್ಷತ್ರಮೀನು ಇದಲ್ಲ. ಇದಕ್ಕೆ ಇಪ್ಪತ್ತರ ಆಸುಪಾಸು ಕೈಗಳಿರುತ್ತವೆ. ಸಾಮಾನ್ಯವಾಗಿ 25ರಿಂದ 35 ಸೆಂಟಿಮೀಟರ್ ಅಗಲ. ಕೆಲವು ಅದರ ಎರಡರಷ್ಟು ಬೆಳೆಯುವುದೂ ಉಂಟು. ಮುಳ್ಳುಗಳು ನಾಲ್ಕೈದು ಸೆಂಟಿಮೀಟರ್ ಉದ್ದ, ಮೊನಚು, ವಿಷವುಳ್ಳವು. ಪ್ರತಿ ಕೈಯ ತುದಿಯಲ್ಲಿ ಒಂದು ಕಣ್ಣು. ಆ ಕಣ್ಣಿಗೆ ಸೂಕ್ಷ್ಮವಾದದ್ದು ಕಾಣುವುದಿಲ್ಲ, ಆದರೆ ಹತ್ತಿರದಲ್ಲಿ ದಿಬ್ಬ ಯಾವ ಕಡೆ ಇದೆ ಎಂದು ಗೊತ್ತಾಗುತ್ತದೆ. ಮೊದಲು ಇದನ್ನೆಲ್ಲ ಒಂದೇ ಜಾತಿ ಎಂದುಕೊಂಡಿದ್ದರು. 2008ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಕನಿಷ್ಠ ನಾಲ್ಕು ಬೇರೆ ಬೇರೆ ವಂಶಗಳಿವೆ ಎಂದು ತಿಳಿಯಿತು. ಉತ್ತರ ಹಿಂದೂ ಮಹಾಸಾಗರದ್ದು, ಅಂದರೆ ನಮ್ಮ ಕಡೆಯದು, ಅದರಲ್ಲಿ ಒಂದು.

ಅದು ತಿನ್ನುವ ರೀತಿ ನೋಡಬೇಕು. ಹವಳದ ಮೇಲೆ ಹತ್ತುತ್ತದೆ. ಕೈಗಳಿಂದ ಅದನ್ನು ಗಟ್ಟಿಯಾಗಿ ತಬ್ಬುತ್ತದೆ. ಬಾಯಿ ಇರುವುದು ಹೊಟ್ಟೆಯ ಅಡಿಯಲ್ಲಿ. ಆ ಬಾಯಿಯ ಮೂಲಕ ತನ್ನ ಜಠರವನ್ನೇ ಹೊರಗೆ ತಳ್ಳುತ್ತದೆ, ನಾವು ಪ್ಯಾಂಟಿನ ಜೇಬನ್ನು ಒಳಗಿನಿಂದ ಹೊರಗೆ ಎಳೆದ ಹಾಗೆ. ಆ ತೆಳು ಪೊರೆ ಹವಳದ ಮೇಲೆ ಹರಡಿಕೊಳ್ಳುತ್ತದೆ. ಜೀರ್ಣರಸ ಸುರಿದು ಹವಳದ ಜೀವಂತ ಮಾಂಸವನ್ನು ಅಲ್ಲೇ ಕರಗಿಸುತ್ತದೆ. ಕರಗಿದ್ದನ್ನು ಹೀರಿಕೊಂಡು ಕೆಲವು ಗಂಟೆಗಳ ನಂತರ ಜಠರವನ್ನು ಒಳಗೆಳೆದುಕೊಂಡು ಮುಂದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು ಅದರ ಮೈಯಷ್ಟೇ ಅಗಲದ ಬಿಳಿ ಮಚ್ಚೆ. ಅದು ಹವಳದ ಬರೀ ಅಸ್ಥಿ. ಕೆಲವೇ ದಿನಗಳಲ್ಲಿ ಆ ಬಿಳುಪಿನ ಮೇಲೆ ತೆಳುವಾಗಿ ಪಾಚಿ ಹತ್ತುತ್ತದೆ.

ಒಂದು ದೊಡ್ಡ ನಕ್ಷತ್ರಮೀನು ವರ್ಷಕ್ಕೆ ಐದರಿಂದ ಹತ್ತು ಚದರ ಮೀಟರ್ ಹವಳ ಮುಗಿಸಬಲ್ಲದು. ಕೆಲವು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ ಎಂದು ನೆನಪಿಟ್ಟುಕೊಂಡು ಈ ಲೆಕ್ಕ ನೋಡಿ.

ಹವಳವೂ ಪೂರ್ತಿ ನಿಸ್ಸಹಾಯಕ ಅಲ್ಲ. ಕವಲು ಕವಲಾಗಿ ಬೆಳೆಯುವ ಕೆಲವು ಹವಳಗಳ ಸಂದಿಯಲ್ಲಿ ಟ್ರಪೀಜಿಯಾ ಎಂಬ ಪುಟ್ಟ ಏಡಿ ಜೋಡಿಯಾಗಿ ವಾಸ ಮಾಡುತ್ತದೆ. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಇದ್ದರೆ ಜಾಸ್ತಿ. ನಕ್ಷತ್ರಮೀನು ಹತ್ತಲು ಬಂದರೆ ಈ ಏಡಿ ಹೊರಗೆ ಬಂದು ಅದರ ಕೊಳವೆಗಾಲುಗಳನ್ನು ಚಿವುಟುತ್ತದೆ, ಮುಳ್ಳುಗಳನ್ನು ಹಿಡಿದು ಜಗ್ಗುತ್ತದೆ. ತನಗಿಂತ ಎಷ್ಟೋ ಪಟ್ಟು ದೊಡ್ಡ ಪ್ರಾಣಿಯನ್ನು ಎಷ್ಟೋ ಸಲ ವಾಪಸ್ ಕಳಿಸುತ್ತದೆ. ಸುತ್ತಲಿನ ಹವಳವೆಲ್ಲ ಸತ್ತು ಏಡಿ ಇದ್ದ ಗೊಂಚಲು ಮಾತ್ರ ಉಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಹವಳದ ಬಗ್ಗೆ ಎಷ್ಟು ಓದಿದರೂ ನನಗೆ ಈ ಏಡಿಯ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಈ ನಕ್ಷತ್ರಮೀನು ಎಲ್ಲಿಂದಲೋ ಬಂದು ಸೇರಿಕೊಂಡ ಪ್ರಾಣಿಯಲ್ಲ. ಹವಳ ಇರುವಲ್ಲಿ ಅದೂ ಇದ್ದೇ ಇದೆ. ರಂಫಿಯಸ್ ಎಂಬ ನಿಸರ್ಗ ವಿಜ್ಞಾನಿಯ ಬರಹದಲ್ಲಿ 1705ರಲ್ಲೇ ಅದರ ವರ್ಣನೆ ಬಂದಿದೆ. ಸಂಖ್ಯೆ ಕಡಿಮೆ ಇದ್ದಾಗ ಅದರಿಂದ ದಿಬ್ಬಕ್ಕೆ ಉಪಕಾರವೂ ಇದೆ. ಬೇಗ ಬೆಳೆದು ಜಾಗವೆಲ್ಲ ಆಕ್ರಮಿಸುವ ಕವಲು ಹವಳ, ಮೇಜಿನಾಕಾರದ ಹವಳ ಅದಕ್ಕೆ ಇಷ್ಟ. ಅವನ್ನು ಸ್ವಲ್ಪ ತಿಂದರೆ ನಿಧಾನವಾಗಿ ಬೆಳೆಯುವ ಗುಂಡು ಹವಳಗಳಿಗೆ ಜಾಗ ಸಿಗುತ್ತದೆ. ಆಗ ಅದು ಹಗಲಲ್ಲಿ ಸಂದಿಯಲ್ಲಿ ಅಡಗಿದ್ದು ರಾತ್ರಿ ಮೇಯುವುದೇ ಹೆಚ್ಚು. ಎಷ್ಟೋ ಡೈವರ್‌ಗಳು ಅದನ್ನು ನೋಡಿಯೇ ಇರುವುದಿಲ್ಲ.

ಕಷ್ಟ ಶುರುವಾಗುವುದು ಸಂಖ್ಯೆ ಏರಿದಾಗ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಹೆಕ್ಟೇರಿಗೆ ಸುಮಾರು 15ಕ್ಕಿಂತ ಜಾಸ್ತಿ ಕಂಡರೆ ದಂಡು ಎದ್ದಿದೆ ಎನ್ನುತ್ತಾರೆ. ಆ ಮಟ್ಟ ದಾಟಿದರೆ ಹವಳ ಬೆಳೆಯುವ ವೇಗಕ್ಕಿಂತ ಅವು ತಿನ್ನುವ ವೇಗವೇ ಜಾಸ್ತಿಯಾಗುತ್ತದೆ. ದೊಡ್ಡ ದಂಡು ಎದ್ದಾಗ ಒಂದೇ ದಿಬ್ಬದಲ್ಲಿ ಸಾವಿರ ಸಾವಿರ ಇರುತ್ತವೆ, ಹಗಲು ಹೊತ್ತಿನಲ್ಲೇ ಒಂದರ ಮೇಲೊಂದು ಹತ್ತಿಕೊಂಡು ತಿನ್ನುತ್ತವೆ. ಇಷ್ಟದ ಹವಳ ಮುಗಿದರೆ ಸಿಕ್ಕಿದ್ದನ್ನು ತಿನ್ನುತ್ತವೆ. ಅದೂ ಮುಗಿದರೆ ಪಕ್ಕದ ದಿಬ್ಬಕ್ಕೆ ಹೊರಡುತ್ತವೆ.

ಜಗತ್ತಿನ ಗಮನ ಇದರ ಕಡೆ ತಿರುಗಿದ್ದು 1960ರ ದಶಕದಲ್ಲಿ. ಆಸ್ಟ್ರೇಲಿಯಾದ ಕೇರ್ನ್ಸ್ ಹತ್ತಿರ ಗ್ರೀನ್ ಐಲ್ಯಾಂಡ್ ಎಂಬ ಪ್ರವಾಸಿ ದ್ವೀಪವಿದೆ. 1962ರಲ್ಲಿ ಅಲ್ಲಿ ದಂಡು ಎದ್ದಿತು. ಕೆಲವೇ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ದಂಡು ಕಾಣಿಸಿತು. ಎರಡೂವರೆ ವರ್ಷದಲ್ಲಿ 38 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹವಳ ಸತ್ತಿತು. ಇಲ್ಲಿಗೆ ಅಳೆದು ನೋಡಿದರೆ ತಲಪಾಡಿಯಿಂದ ಮೂಲ್ಕಿ ದಾಟುವಷ್ಟು ದೂರ. ಜಪಾನಿನ ದಕ್ಷಿಣದ ರ‍್ಯೂಕ್ಯೂ ದ್ವೀಪಗಳಲ್ಲಿ 1970ರಿಂದ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ 1 ಕೋಟಿ 30 ಲಕ್ಷದಷ್ಟು ನಕ್ಷತ್ರಮೀನುಗಳನ್ನು ಹಿಡಿದು ಕೊಂದರು. ಅಷ್ಟು ಕೊಂದ ಮೇಲೂ ದಿಬ್ಬಗಳು ಉಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ ಮತ್ತೆ 1979ರಲ್ಲಿ, 1993ರಲ್ಲಿ, 2010ರಲ್ಲಿ ಹೊಸ ದಂಡುಗಳು ಎದ್ದವು.

ಇದರಿಂದ ಎಷ್ಟು ನಷ್ಟ ಎಂಬುದಕ್ಕೆ ಒಂದು ಗಟ್ಟಿ ಲೆಕ್ಕ ಇದೆ. ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆಯವರು 1985ರಿಂದ 2012ರವರೆಗೆ ಗ್ರೇಟ್ ಬ್ಯಾರಿಯರ್ ರೀಫ್‌ನ 214 ದಿಬ್ಬಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶುರುವಿನಲ್ಲಿ ಸಮುದ್ರದ ತಳದ 28 ಶೇಕಡಾ ಭಾಗದಲ್ಲಿ ಜೀವಂತ ಹವಳ ಇತ್ತು. ಕೊನೆಗೆ 13.8 ಶೇಕಡಾ ಉಳಿದಿತ್ತು. ಹೋದದ್ದರಲ್ಲಿ 48 ಶೇಕಡಾ ಚಂಡಮಾರುತದಿಂದ, 42 ಶೇಕಡಾ ಈ ನಕ್ಷತ್ರಮೀನಿನಿಂದ, 10 ಶೇಕಡಾ ನೀರು ಬಿಸಿಯಾಗಿ ಹವಳ ಬೆಳ್ಳಗಾದದ್ದರಿಂದ. ಬಿಸಿಯ ಪಾಲು ಆಮೇಲೆ ಬಹಳ ಜಾಸ್ತಿಯಾಯಿತು. ಆದರೆ ಈ ಮೂರರಲ್ಲಿ ಚಂಡಮಾರುತವನ್ನು ನಾವು ನಿಲ್ಲಿಸಲಾರೆವು, ಕಡಲಿನ ಬಿಸಿಯನ್ನು ಒಂದು ಊರು ಒಂದು ರಾಜ್ಯ ಇಳಿಸಲಾರದು. ನಕ್ಷತ್ರಮೀನಿನ ವಿಷಯದಲ್ಲಿ ಮಾತ್ರ ಸ್ಥಳೀಯವಾಗಿ ಮಾಡಲು ಕೆಲಸ ಇದೆ. ನಾನು ಇವತ್ತು ಈ ವಿಷಯ ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ಹಾಗಾದರೆ ದಂಡು ಯಾಕೆ ಏಳುತ್ತದೆ?

ಮೊದಲು ಅದರ ಸಂತಾನದ ಲೆಕ್ಕ. ದೊಡ್ಡ ಹೆಣ್ಣು ಒಂದೇ ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಹತ್ತಿರ ಹತ್ತಿರ ಇದ್ದು ಒಟ್ಟಿಗೆ ನೀರಿಗೆ ಬಿಟ್ಟರೆ ಹೆಚ್ಚಿನ ಮೊಟ್ಟೆಗಳು ಫಲಿತವಾಗುತ್ತವೆ. ಆ ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಎರಡು ಮೂರು ವಾರ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ನೀರಿನಲ್ಲಿ ತೇಲುತ್ತಾ ಸೂಕ್ಷ್ಮ ಪಾಚಿಗಳನ್ನು ತಿಂದು ಬೆಳೆಯುತ್ತವೆ. ಹವಳದ ಸುತ್ತಲಿನ ತಿಳಿ ನೀರಿನಲ್ಲಿ ಈ ಪಾಚಿ ಕಡಿಮೆ. ಹಾಗಾಗಿ ಹೆಚ್ಚಿನ ಮರಿಗಳು ಹಸಿದೇ ಸಾಯುತ್ತವೆ. ಕೋಟಿಯಲ್ಲಿ ಬೆರಳೆಣಿಕೆಯಷ್ಟು ಉಳಿದರೆ ಎಲ್ಲವೂ ಸರಿಯಾಗಿರುತ್ತದೆ. ಆ ಉಳಿಯುವ ಪ್ರಮಾಣ ಚೂರೇ ಚೂರು ಏರಿದರೂ ಸಾಕು, ಎರಡು ಮೂರು ವರ್ಷ ಕಳೆದ ಮೇಲೆ ಲಕ್ಷಗಟ್ಟಲೆ ನಕ್ಷತ್ರಮೀನು ಬೆಳೆದು ನಿಂತಿರುತ್ತವೆ.

ಈಗ ದಡದ ಕಡೆ ಬನ್ನಿ. ಬರಗಾಲದ ನಂತರ ಜೋರು ಮಳೆ ಬಂದರೆ ಹೊಲದ ಗೊಬ್ಬರ, ಮಣ್ಣು, ಊರಿನ ಕೊಳಚೆ ಎಲ್ಲ ತೊಳೆದುಕೊಂಡು ಸಮುದ್ರಕ್ಕೆ ಹೋಗುತ್ತದೆ. ಅದರಲ್ಲಿರುವ ಸಾರಜನಕ, ರಂಜಕದಿಂದ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. 1982ರಲ್ಲಿ ಚಾರ್ಲ್ಸ್ ಬರ್ಕ್‌ಲ್ಯಾಂಡ್ ಎಂಬ ವಿಜ್ಞಾನಿ ಪೆಸಿಫಿಕ್‌ನ ಗುಡ್ಡಗಾಡು ದ್ವೀಪಗಳಲ್ಲಿ ಇಂಥ ಜೋರು ಮಳೆ ಬಂದ ಸುಮಾರು ಮೂರು ವರ್ಷಗಳ ನಂತರ ದಂಡು ಏಳುವುದನ್ನು ಗುರುತಿಸಿದರು. ಮರಿ ಬೆಳೆದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಲು ಬೇಕಾದ ಕಾಲವೂ ಅಷ್ಟೇ. ಆಮೇಲಿನ ಅಧ್ಯಯನಗಳು ನೀರಿನಲ್ಲಿ ಪಾಚಿಯ ಪ್ರಮಾಣ ಎರಡು ಪಟ್ಟಾದರೆ ಮರಿಗಳು ಬದುಕಿ ಉಳಿಯುವ ಸಾಧ್ಯತೆ ಸುಮಾರು ಎಂಟು ಪಟ್ಟಾಗುತ್ತದೆ ಎಂದು ತೋರಿಸಿದವು. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಂದ ನದಿಗೆ ಸೇರುವ ಗೊಬ್ಬರದ ಮೇಲೆ ಅಲ್ಲಿನ ಸರ್ಕಾರ ಕಣ್ಣಿಟ್ಟದ್ದಕ್ಕೆ ಇದೂ ಒಂದು ಕಾರಣ.

ಈ ವಾದವನ್ನು ಎಲ್ಲರೂ ಪೂರ್ತಿ ಒಪ್ಪಿಲ್ಲ. ಕಡಿಮೆ ಆಹಾರದಲ್ಲೂ ಮರಿಗಳು ಬದುಕಬಲ್ಲವು ಎಂದು ತೋರಿಸಿದ ಪ್ರಯೋಗಗಳಿವೆ. ದಡದಿಂದ ಬಹುದೂರ, ನದಿನೀರು ಮುಟ್ಟದ, ಗ್ರೇಟ್ ಬ್ಯಾರಿಯರ್ ರೀಫ್‌ನ ಸ್ವೇನ್ ದಿಬ್ಬಗಳಲ್ಲೂ ದಂಡು ಎದ್ದಿದೆ. ಗೊಬ್ಬರ ಒಂದೇ ಕಾರಣ ಅಂತ ನಾನೂ ಹೇಳುವುದಿಲ್ಲ. ಆದರೆ ದೊಡ್ಡ ಕಾರಣಗಳಲ್ಲಿ ಅದೂ ಒಂದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣ, ಈ ನಕ್ಷತ್ರಮೀನನ್ನು ತಿನ್ನುವವರನ್ನು ನಾವು ಹಿಡಿದು ಮುಗಿಸಿದ್ದು. ಟ್ರೈಟನ್ ಎಂಬ ದೊಡ್ಡ ಶಂಖದ ಹುಳು ಇದರ ಹಳೆಯ ವೈರಿ. ವಾಸನೆ ಹಿಡಿದು ಅಟ್ಟಿಸಿಕೊಂಡು ಹೋಗಿ, ಮುಳ್ಳುಗಳಿಗೆ ಜಗ್ಗದೆ ಚರ್ಮ ಸೀಳಿ ತಿನ್ನುತ್ತದೆ. ಟ್ರೈಟನ್‌ನ ವಾಸನೆ ನೀರಿನಲ್ಲಿ ಬಂದರೆ ಸಾಕು, ನಕ್ಷತ್ರಮೀನು ಜಾಗ ಖಾಲಿ ಮಾಡುತ್ತದೆ. ಚಿಪ್ಪು ಚೆಂದ ಇದೆಯೆಂದು ಜನ ಅದನ್ನು ಹೆಕ್ಕಿ ಹೆಕ್ಕಿ ಈಗ ಅದು ಅಪರೂಪವಾಗಿದೆ. ಒಂದು ಟ್ರೈಟನ್ ವಾರಕ್ಕೆ ಒಂದೋ ಎರಡೋ ತಿನ್ನುತ್ತದೆ ಅಷ್ಟೇ, ಹಾಗಾಗಿ ಎದ್ದ ದಂಡನ್ನು ಅದು ಇಳಿಸಲಾರದು. ಆದರೆ ನಕ್ಷತ್ರಮೀನುಗಳು ಗುಂಪುಗೂಡದಂತೆ ಚದುರಿಸುತ್ತಿದ್ದರೆ ಅದೇ ದೊಡ್ಡ ಉಪಕಾರ. ಭಾರತದಲ್ಲಿ 2001ರಿಂದ ಟ್ರೈಟನ್ ಮತ್ತು ದಿಬ್ಬ ಕಟ್ಟುವ ಎಲ್ಲ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಅಂದರೆ ಹುಲಿಗೆ ಇದ್ದ ರಕ್ಷಣೆಯೇ ಇದಕ್ಕೂ. ಶೋಕೇಸಿಗೆ ಅಂತ ದೊಡ್ಡ ಶಂಖ ಯಾರಾದರೂ ಮಾರಲು ಬಂದರೆ ಇದು ನೆನಪಿರಲಿ.

ಮೀನುಗಳೂ ಇವೆ. ನೆಪೋಲಿಯನ್ ಮೀನು, ಕೆಲವು ಟ್ರಿಗರ್ ಮೀನುಗಳು, ಪಫರ್ ಮೀನುಗಳು ಈ ನಕ್ಷತ್ರಮೀನನ್ನು ತಿನ್ನುತ್ತವೆ. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಮೀನು ಹಿಡಿಯಲು ಬಿಡದ ದಿಬ್ಬಗಳಲ್ಲಿ ದಂಡು ಏಳುವುದು ಕಡಿಮೆ ಎಂದು ಹಲವು ವರ್ಷಗಳ ಸಮೀಕ್ಷೆ ಹೇಳುತ್ತದೆ. ನಾವು ಮುರು, ಕೆಂಬೇರಿ ಎನ್ನುತ್ತೇವಲ್ಲ, ಅಂಥ ಗುಂಪಿನ ದೊಡ್ಡ ಮೀನುಗಳು ಇರುವಲ್ಲಿ ನಕ್ಷತ್ರಮೀನು ಕಡಿಮೆ. ಅವೆಲ್ಲವೂ ನೇರವಾಗಿ ತಿನ್ನುತ್ತವೆ ಎಂದಲ್ಲ. ದಿಬ್ಬದ ಆಹಾರ ಸರಪಳಿ ಸರಿ ಇದ್ದರೆ ಮರಿ ನಕ್ಷತ್ರಮೀನುಗಳಿಗೆ ಶತ್ರುಗಳು ಜಾಸ್ತಿ ಇರುತ್ತಾರೆ.

ಮರಿಗಳ ಬಗ್ಗೆ ಇನ್ನೊಂದು ಸಂಗತಿ. ತೇಲುವುದು ಮುಗಿದ ಮೇಲೆ ಅವು ತಳಕ್ಕೆ ಇಳಿದು ಸತ್ತ ಹವಳದ ಚೂರುಗಳ ಮೇಲೆ ಬೆಳೆಯುವ ಗುಲಾಬಿ ಬಣ್ಣದ ಗಟ್ಟಿ ಪಾಚಿಯನ್ನು ತಿನ್ನುತ್ತವೆ. ನಾಲ್ಕಾರು ತಿಂಗಳಾದ ಮೇಲೆ ಹವಳಕ್ಕೆ ಹೊರಳುತ್ತವೆ. ಹವಳ ಸಿಗದಿದ್ದರೆ ಸಾಯುತ್ತವೆ ಎಂದುಕೊಂಡಿದ್ದರು. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ತೋರಿಸಿದ್ದು ಬೇರೆಯೇ. ಹವಳ ಕೊಡದೆ ಬರೀ ಪಾಚಿಯಲ್ಲಿ ಸಾಕಿದ ಮರಿಗಳು ಆರೂವರೆ ವರ್ಷ ಬದುಕಿದವು, ಸಣ್ಣದಾಗಿಯೇ ಉಳಿದವು. ಹವಳ ಸಿಕ್ಕಿದ ಮೇಲೆ ಬೆಳೆದವು. ಅಂದರೆ ದಿಬ್ಬ ಸತ್ತಾಗ ಅವು ಸಂದಿಯಲ್ಲಿ ಕಾಯುತ್ತವೆ. ಹವಳ ಚೇತರಿಸಿಕೊಳ್ಳುತ್ತಿದ್ದಂತೆ ಹೊರಗೆ ಬರಬಹುದು. ಬಿಸಿಯಿಂದ ಸತ್ತ ಹವಳದ ಚೂರುಗಳು ಜಾಸ್ತಿಯಾದಷ್ಟೂ ಅವುಗಳಿಗೆ ಅಡಗುವ ಜಾಗ ಜಾಸ್ತಿ.

ಎದ್ದ ದಂಡನ್ನು ಇಳಿಸಲು ಏನು ಮಾಡುತ್ತಾರೆ? ಕೊಕ್ಕೆಯಿಂದ ಎತ್ತಿ ದಡಕ್ಕೆ ತಂದು ಹೂಳುವುದು ಹಳೆಯ ಕ್ರಮ. ಆಮೇಲೆ ಡೈವರ್‌ಗಳು ಒಂದೊಂದಕ್ಕೂ ಚುಚ್ಚುಮದ್ದು ಕೊಡಲು ಶುರು ಮಾಡಿದರು. ಮೊದಲು ಬಳಸುತ್ತಿದ್ದ ರಾಸಾಯನಿಕವನ್ನು ಒಂದೇ ನಕ್ಷತ್ರಮೀನಿಗೆ ಹತ್ತಾರು ಕಡೆ ಚುಚ್ಚಬೇಕಿತ್ತು. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ದನದ ಪಿತ್ತರಸದಿಂದ ಮಾಡಿದ ಮದ್ದು ಒಂದೇ ಸಲ ಚುಚ್ಚಿದರೆ ಸಾಕು ಎಂದು ಕಂಡುಹಿಡಿದರು. ಅಡುಗೆಮನೆಯ ವಿನೆಗರ್ ಕೂಡ ಕೆಲಸ ಮಾಡುತ್ತದೆ ಎಂದು 2015ರಲ್ಲಿ ಅಲ್ಲಿಂದಲೇ ವರದಿ ಬಂತು. ಬಡ ದೇಶಗಳ ದ್ವೀಪಗಳಿಗೆ ಇದು ನಿಜವಾಗಿ ದೊಡ್ಡ ಸಹಾಯ. ತಾನೇ ಈಜಿ ನಕ್ಷತ್ರಮೀನು ಗುರುತಿಸಿ ಚುಚ್ಚುವ ರೋಬೋಟನ್ನೂ ಮಾಡಿದ್ದಾರೆ. ಆದರೂ ಇದೆಲ್ಲ ಆಯ್ದ ಕೆಲವು ದಿಬ್ಬಗಳನ್ನು ಉಳಿಸುವ ಕೆಲಸ. ಸಾವಿರಾರು ದಿಬ್ಬಗಳಲ್ಲಿ ಒಂದೊಂದನ್ನೂ ಹುಡುಕಿ ಚುಚ್ಚುವುದು ಆಗುವ ಮಾತಲ್ಲ. ಸರಿಯಾದ ದಿಬ್ಬ ಆರಿಸಿ, ದಂಡು ಶುರುವಾಗುವಾಗಲೇ ಇಳಿದರೆ ಫಲ ಇದೆ. ತಡ ಮಾಡಿದರೆ ಜಪಾನಿನಲ್ಲಿ ಆದದ್ದೇ ಆಗುತ್ತದೆ.

ಈಗ ನನ್ನನ್ನು ಜಾಸ್ತಿ ಕಾಡುವ ಭಾಗಕ್ಕೆ ಬರುತ್ತೇನೆ. ಹಿಂದೆ ದಂಡು ಬಂದು ಹೋದ ಮೇಲೆ ದಿಬ್ಬಗಳು ಚಿಗುರುತ್ತಿದ್ದವು. ಗುವಾಮ್‌ನಲ್ಲಿ ತಾಂಗಿಸ್ಸನ್ ಎಂಬ ದಿಬ್ಬದಲ್ಲಿ ಏನೂ ಉಳಿದಿರಲಿಲ್ಲ ಎನ್ನಬಹುದು. ಸುಮಾರು 12 ವರ್ಷದಲ್ಲಿ ಅಲ್ಲಿ ಹವಳ ಮತ್ತೆ ದಟ್ಟವಾಯಿತು. ಹನ್ನೆರಡು ವರ್ಷ, ನೆನಪಿಡಿ. ಈಗ ಲಕ್ಷದ್ವೀಪದ ಕ್ಯಾಲೆಂಡರ್ ನೋಡಿ. ಅಲ್ಲಿ ನೀರು ಬಿಸಿಯಾಗಿ ಹವಳ ದೊಡ್ಡ ಪ್ರಮಾಣದಲ್ಲಿ ಬೆಳ್ಳಗಾದದ್ದು 1998ರಲ್ಲಿ, 2010ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ. ಮೊದಲ ಎರಡರ ನಡುವೆ 12 ವರ್ಷ ಸಿಕ್ಕಿತು. ಆಮೇಲೆ ಆರು, ನಂತರ ಎಂಟು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಹವಳವನ್ನು 1998ರಿಂದ ಗಮನಿಸುತ್ತಾ ಬಂದಿದ್ದಾರೆ. ಅವರ ಲೆಕ್ಕದಲ್ಲಿ ಹವಳ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿದೆ. ಅಲ್ಲಿ ಮುಖ್ಯ ಹೊಡೆತ ಬಿಸಿಯದ್ದು. ಆದರೆ ಹಾಗೆ ಸೊರಗಿದ ದಿಬ್ಬಕ್ಕೆ ನಕ್ಷತ್ರಮೀನಿನ ದಂಡೂ ಬಂದರೆ ಚೇತರಿಸಿಕೊಳ್ಳಲು ಪುರುಸೊತ್ತು ಎಲ್ಲಿ? ಪಕ್ಕದ ಮಾಲ್ಡೀವ್ಸ್‌ನಲ್ಲಿ 2010ರ ದಶಕದಲ್ಲಿ ದಂಡು ಎದ್ದದ್ದು ದಾಖಲಾಗಿದೆ. ಈ ನಕ್ಷತ್ರಮೀನು ಲಕ್ಷದ್ವೀಪದಲ್ಲೂ ಇದೆ.

ನೇತ್ರಾವತಿಯ ನೀರಿನಿಂದ ಲಕ್ಷದ್ವೀಪದಲ್ಲಿ ದಂಡು ಏಳುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ದ್ವೀಪಗಳಲ್ಲಿ ನದಿಯೂ ಇಲ್ಲ. ಅಲ್ಲಿ ಕೊಳಚೆ ನೇರ ಮರಳಿನ ಮೂಲಕ ಬಾವಿಗೆ, ದಿಬ್ಬದ ಒಳಗಿನ ಲಗೂನಿಗೆ (ಆಳವಿಲ್ಲದ ಶಾಂತ ಕಡಲಿಗೆ) ಇಳಿಯುತ್ತದೆ. ಹಾಗಾಗಿ ಶೌಚದ ನೀರಿನ ವ್ಯವಸ್ಥೆ ಅಲ್ಲಿ ಹವಳದ ಪ್ರಶ್ನೆಯೂ ಹೌದು. ಮೀನಿನದ್ದೂ ಹಾಗೆಯೇ. ದ್ವೀಪದವರು ಗಾಳ ಕಟ್ಟಿದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿಯುವವರು. ಅದರಿಂದ ದಿಬ್ಬದ ಮೀನುಗಳಿಗೆ ಬಹುಕಾಲ ನೆಮ್ಮದಿ ಇತ್ತು. ಈಚೆಗೆ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ಬೆಳೆಯುತ್ತಿದೆ. ಮುರು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನಮಗೆ, ಕೊಳ್ಳುವವರಿಗೆ, ಇರುವುದು ಒಳ್ಳೆಯದು ಅಲ್ವಾ?

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಮೀನುಗಾರಿಕೆ ಕಾಲೇಜಿನ ಒಬ್ಬ ಹುಡುಗಿ ಕೇಳಿದಳು: "ಸರ್, ಒಂದು ಪ್ರಾಣಿಯನ್ನು ಉಳಿಸಲು ಇನ್ನೊಂದನ್ನು ಲಕ್ಷಗಟ್ಟಲೆ ಕೊಲ್ಲುವುದು ಸರಿಯಾ?" ನನ್ನ ಉತ್ತರ ಹೀಗಿತ್ತು. ಸುಮ್ನೆ ಸಿಕ್ಕ ನಕ್ಷತ್ರಮೀನನ್ನೆಲ್ಲ ಕೊಲ್ಲುವುದು ತಪ್ಪು. ಅಳತೆ ಮೀರಿದಲ್ಲಿ ಮಾತ್ರ, ಸಮೀಕ್ಷೆ ಮಾಡಿ, ಗೊತ್ತಿದ್ದವರ ಕೈಯಲ್ಲಿ ತೆಗೆಸಬೇಕು. ದಂಡು ಏಳಲು ಕಾರಣ ನಾವೂ ಆಗಿರುವಾಗ ಕೈಕಟ್ಟಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕೊಲ್ಲುವುದಕ್ಕೆ ಖರ್ಚು ಮಾಡುವ ಸರ್ಕಾರ ಕೊಳಚೆ ನೀರಿಗೆ, ಮೀನಿನ ರಕ್ಷಣೆಗೆ ಖರ್ಚು ಮಾಡದಿದ್ದರೆ ಹತ್ತು ವರ್ಷಕ್ಕೆ ಮತ್ತೆ ಅದೇ ಕೆಲಸ ಮಾಡಬೇಕಾಗುತ್ತದೆ.

ಡೈವಿಂಗ್ ಮಾಡುವ ಒಬ್ಬರು ಕೇಳಿದ್ದು, ನೀರಿನಲ್ಲಿ ಇದು ಕಂಡರೆ ಏನು ಮಾಡಬೇಕು ಎಂದು. ಮುಟ್ಟಬೇಡಿ. ಕತ್ತರಿಸಲೇಬೇಡಿ. ನಡುಭಾಗ ಸ್ವಲ್ಪ ಸೇರಿಕೊಂಡಿದ್ದರೆ ತುಂಡು ಮತ್ತೆ ಬೆಳೆಯಬಹುದು. ಫೋಟೋ ತೆಗೆಯಿರಿ, ಪಕ್ಕದಲ್ಲಿ ಬಿಳಿ ಮಚ್ಚೆಗಳು ಎಷ್ಟಿವೆ ನೋಡಿ, ಜಾಗ, ಆಳ, ದಿನಾಂಕ ಬರೆದುಕೊಂಡು ನಿಮ್ಮ ಡೈವಿಂಗ್ ಗುರುಗಳಿಗೆ ಮತ್ತು ಅಲ್ಲಿನ ಅರಣ್ಯ ಇಲಾಖೆಗೆ ಕೊಡಿ. ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೇ ಇದೆ, ಅಲ್ಲಿಯೂ ತಿಳಿಸಬಹುದು. ಅಪ್ಪಿತಪ್ಪಿ ಮುಳ್ಳು ಚುಚ್ಚಿದರೆ ಕೂಡಲೇ ಮೇಲೆ ಬನ್ನಿ. ಚುಚ್ಚಿದ ಜಾಗವನ್ನು ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿ ಇಡಿ, ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ನೀವೇ ಕೆದಕಲು ಹೋಗದೆ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಪ್ರತಿವಿಷ ಎಂಬ ಮದ್ದು ಇಲ್ಲ. ವಾಂತಿ ಶುರುವಾದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡಬೇಡಿ.